ಮಗು ಕೂತ ಕುರ್ಚಿ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.40

ಇವತ್ತೂ ಇಪ್ಪತ್ತು ನಿಮಿಷ ಮೌನ ಪ್ರಾರ್ಥನೆ. ಊಟದ ಬಿಡುವಿನಲ್ಲಿ, ಕಿವಿ ಟೆಸ್ಟ್ ಮಾಡುವ ಕೋಣೆಯೊಳಗೆ, ರೋಗಿಗಳು ಕೂರುವ ಕುರ್ಚಿಯಲ್ಲಿ. ಇಡೀ ಆಸ್ಪತ್ರೆಯಲ್ಲಿ ಸದ್ದಿಲ್ಲದ ಜಾಗ ಇದೊಂದೇ. ಹನ್ನೊಂದು ವರ್ಷ ಗಾಜಿನ ಹೊರಗೆ ಕೂತು ಸದ್ದು ಕೊಡುವ ಗುಂಡಿ ಒತ್ತಿದ್ದೇನೆ. ಒಳಗೆ ಕೂತದ್ದು ಈ ಪ್ರಾರ್ಥನೆ ಕಲಿತ ಮೇಲೆಯೇ.

ಚರ್ಚಿನಲ್ಲಿ ಮೌನ ಪ್ರಾರ್ಥನೆ ಕಲಿಸುವ ಸಿಸ್ಟರ್ ಹೇಳಿದ್ದು ಇಷ್ಟೇ. ಏನನ್ನೂ ಬೇಡಬೇಡ. "ಕರ್ತನೇ" ಎಂಬ ಒಂದೇ ಪದ. ಯೋಚನೆ ಬಂದರೆ ಅದರ ಜತೆ ಜಗಳವಾಡದೆ ಬಿಟ್ಟುಬಿಡು, ಮತ್ತೆ ಪದಕ್ಕೆ ಬಾ.

ನಮ್ಮ ಮನೆಯವರದ್ದು ಬೆಳಿಗ್ಗೆಯೇ ಶುರು — "ನನ್ ಹತ್ರ ಎರಡು ನಿಮಿಷ ಬಾಯಿ ಮುಚ್ಕೊಂಡಿರೋಕಾಗಲ್ಲ, ದೇವರ ಹತ್ರ ಇಪ್ಪತ್ತು ನಿಮಿಷಾನಾ!" ನಗು ಬಂತು.

ಮಾರ್ಚ್ 4. ಮಧ್ಯಾಹ್ನ

ಪ್ರಾರ್ಥನೆಯ ನಡುವೆ ಕಣ್ಣು ಬಿಟ್ಟೆ, ಯಾಕೋ. ಗಾಜಿನಾಚೆ ಕ್ಲೀನಿಂಗ್ ಅಕ್ಕ ನನ್ನ ಕುರ್ಚಿಯಲ್ಲಿ ಕೂತು ಮಷೀನ್ ಒರೆಸುತ್ತಿದ್ದಳು. ಕೈ ಕಾಣಲಿಲ್ಲ. ಆದರೆ ಒರೆಸಿದಾಗೆಲ್ಲ ಭುಜ ಏಳುವುದು ಕಂಡಿತು. ಚೆನ್ನಾಗಿ ಕಂಡಿತು. ಹೊಸ ವರ್ಷಕ್ಕೆ ಬೆಳಕು ಬೀಳಲೆಂದು ಮೇಜನ್ನು ಗಾಜಿನ ಹತ್ತಿರ ಸರಿಸಿದವಳು ನಾನೇ.

ಜನವರಿಯಲ್ಲಿ ಬಂದಿದ್ದಳಲ್ಲ, ಆ ನಾಲ್ಕು ವರ್ಷದ ಹುಡುಗಿ. ಕೆಂಪು ರಿಬ್ಬನ್. ಮಾತು ಬಂದಿಲ್ಲವೆಂದು ಕರೆತಂದಿದ್ದರು. ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಒಂದು ಮರದ ತುಂಡು ಬುಟ್ಟಿಗೆ ಹಾಕುವ ಆಟ ತೋರಿಸಿಕೊಟ್ಟಿದ್ದೆ. ಒಂದೂ ತಪ್ಪಲಿಲ್ಲ. ಅವಳು ಬುಟ್ಟಿ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಗುಂಡಿ ಒತ್ತಿದಾಗೆಲ್ಲ ನನ್ನ ಭುಜವೂ ಹೀಗೇ ಏಳುತ್ತಿತ್ತೇನೋ... "ಜಾಣೆ" ಎಂದು ಕೆನ್ನೆ ಹಿಂಡಿ, ಕಿವಿ ಸರಿಯಿದೆ ಎಂದು ಬರೆದು ಸಹಿ ಹಾಕಿದೆ.

ಇರಲಾರದು. ಬರೀ ಯೋಚನೆ. ಬಿಟ್ಟುಬಿಡಬೇಕು.

ಮಾರ್ಚ್ 6

ಕರ್ತನೇ. ಕೆಂಪು ರಿಬ್ಬನ್. ಕರ್ತನೇ. ಕೆಂಪು ರಿಬ್ಬನ್... ಏಳೇ ನಿಮಿಷಕ್ಕೆ ಎದ್ದು ಬಂದೆ. ಆ ಕೋಣೆಯಲ್ಲಿ ನನ್ನ ಎಂಜಲು ನುಂಗುವ ಸದ್ದೂ ಕೇಳಿಸುತ್ತದೆ. ಹೆದರಿಕೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ — ಬೇಡ.

ಮಾರ್ಚ್ 19, ಬುಧವಾರ

ಅವತ್ತಿನಿಂದ ಒಳಗೆ ಕೂತಿಲ್ಲ. ಕ್ಯಾಂಟೀನಿನ ಟಿವಿ ಕೆಳಗೆ ಕೂತು ತಿನ್ನುತ್ತೇನೆ. ಗಲಾಟೆ ಇದ್ದರೆ ಸಾಕು. "ಏನೇ, ದೇವರ ಜತೆ ಮಾತು ಬಿಟ್ಟಿದ್ದೀಯಾ?" ಎಂದರು ಮನೆಯವರು.

ಸಂಜೆ ಸಿಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಬಿಟ್ಟುಬಿಡು ಎಂದವರು ನೀವೇ, ಬಿಡಲು ಆಗುತ್ತಿಲ್ಲ ಎಂದೆ. ಸಿಸ್ಟರ್ ಕೇಳಿದರು:

"ಯೋಚನೆ ಬಿಡು ಅಂದೆನಮ್ಮ. ಮಗೂನ ಬಿಡು ಅಂತ ಅಂದೆನಾ?"

ಮಾರ್ಚ್ 20

ಡಾಕ್ಟರಿಗೆ ಹೇಳಿದೆ. ಬೈಯಲಿಲ್ಲ. "ಮೊದ್ಲು ಮಗೂನ ಕರೆಸಿ. ನಿಮ್ಮ ವಿಷಯ ಆಮೇಲೆ" ಎಂದರು. ಬೈದಿದ್ದರೇ ವಾಸಿಯಿತ್ತು.

ತಾಯಿಗೆ ಫೋನ್ ಮಾಡಿದೆ. ಇನ್ನೊಂದು ಸಲ ಟೆಸ್ಟ್ ಮಾಡಬೇಕು ಎಂದಷ್ಟೇ ಹೇಳಲಾಯಿತು. ಯಾಕೆಂದು ಹೇಳಲಿಲ್ಲ.

"ಕಿವಿ ಸರಿ ಇದೆ ಅಂದಿದ್ರಲ್ಲ ಮೇಡಂ? ಹಟ ಅಷ್ಟೇ ಅವಳಿಗೆ. ಕರೆದ್ರೆ ತಿರುಗೂ ನೋಡಲ್ಲ. ನಿನ್ನೆ ತಡೀಲಾರದೆ ಎರಡೇಟು ಕೊಟ್ಟೆ."

ನನ್ನ ಸಹಿ ನಂಬಿ ಹೊಡೆದಿದ್ದಾಳೆ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 9.30

ಬೇಗ ಬಂದು ಒಳಗೆ ಕೂತೆ. ಪೂರ್ತಿ ಇಪ್ಪತ್ತು ನಿಮಿಷ. ಭಯ ಹೋಗಲಿಲ್ಲ. ರಿಬ್ಬನ್ ಬಂತು, ಬರಲಿ ಎಂದು ಬಿಟ್ಟೆ. ಎದ್ದು ಕುರ್ಚಿ ತಿರುಗಿಸಿದೆ, ಗಾಜಿಗೆ ಬೆನ್ನಾಗುವಂತೆ. ಬುಟ್ಟಿಯನ್ನು ಪಕ್ಕಕ್ಕೆ, ನನಗೆ ಕಾಣುವ ಹಾಗೆ ಇಟ್ಟೆ. ಅವಳು ತುಂಡು ಹಾಕಲಿ. ಕರ್ತನೇ, ಒಂದು ಸಲವಾದರೂ ಹಾಕಲಿ. ಬೇಡಬಾರದು ಎಂದಿದ್ದರು. ಬೇಡಿದೆ.

ಸಂಜೆ

ತಾಯಿ ನನ್ನ ಪಕ್ಕದಲ್ಲೇ ಕೂತಿದ್ದಳು. ಹೆಡ್‌ಫೋನಿನ ಸದ್ದು ಹೊರಗೆ ಕೇಳುವುದಿಲ್ಲ. ನಲವತ್ತು ಡೆಸಿಬೆಲ್ ಸದ್ದು ಕೊಟ್ಟೆ. ಅರವತ್ತು. ಎಂಬತ್ತಕ್ಕೆ ಏರಿಸಿದೆ, ಅಷ್ಟಕ್ಕೆ ನಾನಾಗಿದ್ದರೆ ಹೆಡ್‌ಫೋನ್ ಕಿತ್ತೆಸೆಯುತ್ತಿದ್ದೆ. ಮರದ ತುಂಡು ಅವಳ ಕೈಯಲ್ಲೇ ಇತ್ತು. ಬುಟ್ಟಿಯ ಮೇಲೆ ಕೈ ಹಿಡಿದು ಕಾಯುತ್ತಲೇ ಇದ್ದಳು.

"ಇನ್ನೂ ಶುರು ಮಾಡಿಲ್ವಾ ಮೇಡಂ?" ಎಂದಳು ತಾಯಿ.

ಗುಂಡಿಯಿಂದ ಕೈ ತೆಗೆದೆ. ತಾಯಿಯ ಕಡೆ ತಿರುಗಿ, "ಶುರು ಮಾಡಿ ಆಯ್ತಮ್ಮ, ಅವಳಿಗೆ ಕೇಳಿಸ್ತಿಲ್ಲ, ಅವತ್ತು ನಾನೇ ತಪ್ಪು ಬರೆದುಕೊಟ್ಟೆ" ಎಂದೆ.