ಗಿರಣಿ ಗೋಪುರದ ಮರಿಗಳು

ಆಗಸ್ಟ್ ೬, ಬೆಳಿಗ್ಗೆ
ಮತ್ತೆ ನೂಲಿನ ಗಿರಣಿಗೆ ಹೋಗಿ ಬಂದೆ. ಪತ್ರಿಕೆಯ ಅಂಕಣಕ್ಕೆ ಇನ್ನೂ ಅರ್ಧ ಪುಟ ಬೇಕು. ಗೋಪುರದ ಇಟ್ಟಿಗೆ ಕಮಾನು ಎಷ್ಟು ನೋಡಿದರೂ ಸಾಲದು. ಗೋಡೆಯ ಬಿರುಕಿನಲ್ಲಿ ಜರೀಗಿಡ, ಪಾಚಿ. ಅಣ್ಣನ ಆಳುಗಳು ಆಗಲೇ ಛಾವಣಿಯ ತಗಡು ಇಳಿಸಿದ್ದಾರೆ. ಹಳೇ ಕಟ್ಟಡ ಕೆಡವುವುದು ಅವನ ಕಸುಬು. ಕೆಡವುವ ಮೊದಲು ನೋಡಿ ಬರೆಯುವುದು ನನ್ನದು. ಅಣ್ಣ ಕೆಡವುತ್ತಾನೆ, ತಂಗಿ ಅಳುತ್ತಾಳೆ ಅಂತ ಊರವರ ತಮಾಷೆ. ಆದರೂ ಯಾವ ಕಟ್ಟಡದ ಸರದಿ ಬಂತೆಂದು ಮೊದಲು ಫೋನ್ ಮಾಡುವವನು ಅವನೇ.

ಆಗಸ್ಟ್ ೮
ಗೋಪುರದ ತುದಿಯಲ್ಲಿ ಕಣಜ ಗೂಬೆ. ಬಿಳೀ ಮುಖ. ಮರಿಗಳೂ ಇವೆ — ಹಾವಿನ ಹಾಗೆ ಬುಸುಗುಡುತ್ತವೆ. ನೇರ ಅಣ್ಣನ ಹತ್ತಿರ ಹೋದೆ.
"ಅವು ಹಾರೋವರೆಗೂ ಗೋಪುರ ಮುಟ್ಬೇಡ."
"ತಲೆ ಕೆಟ್ಟಿದ್ಯಾ? ಛಾವಣಿ ತೆಗೆದಾಗಿದೆ. ಒಂದು ಒಳ್ಳೆ ಮಳೆ ಬಂದ್ರೆ ಗಾರೆ ಎಲ್ಲ ಕರಗುತ್ತೆ."
"ಇದೊಂದು ಸಲ, ಅಣ್ಣ."
"ನಿಂದು ಪ್ರತಿ ಸಲಾನೂ ಇದೊಂದೇ ಸಲ ಕಣೇ."
ಒಪ್ಪಿದ.

ಆಗಸ್ಟ್ ೨೧
ಮಳೆ. ಬಿಟ್ಟೂ ಬಿಡದೆ. ಲೇಖನ ಅಚ್ಚಾಯಿತು, ಸಂಪಾದಕರಿಗೆ ತುಂಬ ಹಿಡಿಸಿತಂತೆ. ಅಣ್ಣನಿಗೆ ಮಾತ್ರ ಗಿರಣಿ ಮಾಲೀಕರ ಕಾಟ, ಇನ್ನೂ ಯಾಕೆ ಕೆಡವಿಲ್ಲ ಅಂತ. ಅವನ ಮನೆಗೆ ಊಟಕ್ಕೆ ಹೋದಾಗ ಅತ್ತಿಗೆ ಬಡಿಸುತ್ತಾ, "ನಿನ್ನ ಗೂಬೆಗೆ ಇನ್ನೂ ಬಾಣಂತನ ಮುಗೀಲಿಲ್ವಾ?" ಎಂದಳು. ನಾವಿಬ್ಬರೂ ನಕ್ಕೆವು. ಅಣ್ಣ ನಗಲಿಲ್ಲ.
"ಹೋಗಿ ನೋಡ್ಕೊಂಡು ಬಾ. ಇವೆಯೋ ಹಾರಿದ್ವೋ ಹೇಳು."
ನಾಳೆ ಹೋಗುತ್ತೇನೆಂದೆ.

ಆಗಸ್ಟ್ ೨೩
ಹೋಗಲಿಲ್ಲ. ಕೆರೆಯಂಚಿನ ಹಳೇ ಪಂಪ್‌ಹೌಸ್ ಬಗ್ಗೆ ಹೊಸ ಲೇಖನ. ಕೂತರೆ ಏಳಲು ಮನಸ್ಸಿಲ್ಲ... ನಾಳೆ.

ಸೆಪ್ಟೆಂಬರ್ ೨
ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಗೋಪುರದ ಮೆಟ್ಟಿಲು ಕುಸಿದು ಅಣ್ಣ ಬಿದ್ದ. ಬೆನ್ನುಮೂಳೆ ಮುರಿದಿದೆ. ಇನ್ನು ನಡೆಯುವುದಿಲ್ಲ ಅಂತ ಡಾಕ್ಟರ್ ಇವತ್ತು ಬಾಯಿಬಿಟ್ಟರು.
ಮೇಸ್ತ್ರಿ ಕೆಳಗೇ ನಿಂತಿದ್ದನಂತೆ. ಅಣ್ಣ ಮೇಲಿಂದ ಕೂಗಿದನಂತೆ — "ಗೂಡು ಖಾಲಿ ಕಣಯ್ಯ, ಹಾರಿಹೋಗಿವೆ. ನನ್ ತಂಗಿಗೊಂದು ಫೋನ್ ಮಾಡು." ಆಮೇಲೆ ಸದ್ದು.
ಆಳುಗಳು ಅನಿಷ್ಟದ ಹಕ್ಕಿ ಅನ್ನುತ್ತಿದ್ದಾರೆ. ಎಲ್ಲರೂ ಸೇರಿ ಗೂಬೆಯ ಮೇಲೇ ಗೂಬೆ ಕೂರಿಸುತ್ತಿದ್ದಾರೆ.

ಸೆಪ್ಟೆಂಬರ್ ೧೯
ಆಸ್ಪತ್ರೆಯ ವರಾಂಡದಲ್ಲಿ ಅತ್ತಿಗೆಗೆ ಹೇಳಿಬಿಟ್ಟೆ. ನೋಡಿ ಬರುತ್ತೇನೆಂದು ಒಪ್ಪಿ ಹೋಗದವಳು ನಾನು ಅಂತ.
"ಗೊತ್ತು" ಎಂದಳು. "'ಅವಳು ಬರೆಯೋದ್ರಲ್ಲಿ ಮುಳುಗಿರ್ತಾಳೆ, ನಾನೇ ನೋಡ್ತೀನಿ' ಅಂತ ಹೇಳೇ ಹೋಗಿದ್ರು."
ಬೈದಿದ್ದರೆ ಚೆನ್ನಾಗಿತ್ತು. ಫ್ಲಾಸ್ಕ್ ಎತ್ತಿಕೊಂಡು ಒಳಗೆ ಹೋದಳು.

ನವೆಂಬರ್ ೪
ಸಂಪಾದಕರ ಫೋನ್ ತೆಗೆಯುತ್ತಿಲ್ಲ. ಗೋಪುರವನ್ನು ಬೇರೆ ಯಾರೋ ಕೆಡವಿದರಂತೆ. ನೋಡಲು ಹೋಗಲಿಲ್ಲ.

ನವೆಂಬರ್ ೧೧, ಮಧ್ಯಾಹ್ನ, ಅಣ್ಣನ ಮನೆ
ಬೆಳಿಗ್ಗೆ ಅವನನ್ನು ಕರೆತಂದೆವು. ಗಾಲಿಕುರ್ಚಿ ಮಲಗುವ ಕೋಣೆಯ ಬಾಗಿಲಲ್ಲಿ ತೂರಲಿಲ್ಲ. ಹಿಂದೆ ಎಳೆದು, ಓರೆ ಮಾಡಿ, ಏನು ಮಾಡಿದರೂ ಇಲ್ಲ. ಮೇಸ್ತ್ರಿ ಬರುವುದು ನಾಳೆ. ಅಣ್ಣ ಚೌಕಟ್ಟನ್ನೇ ಸ್ವಲ್ಪ ಹೊತ್ತು ನೋಡಿದ.
"ಸುತ್ತಿಗೆ ತಗೋ."
"ನಾನಾ?"
"ಗೋಡೆ ಬಗ್ಗೆ ಅಷ್ಟೊಂದು ಬರ್ದಿದ್ದೀಯ. ಒಂದು ಇಟ್ಟಿಗೆ ಬಿಡಿಸೋಕೆ ಬರಲ್ವಾ? ಮೇಲಿಂದ ಶುರು ಮಾಡು. ಕೆಳಗೆ ಹೊಡೆದ್ರೆ ಮೈಮೇಲೆ ಬರುತ್ತೆ."
ಚೌಕಟ್ಟು ಕಿತ್ತಾಯಿತು. ಗೋಡೆ ಅರ್ಧ ಆಯಿತು. ಅಂಗೈಯಲ್ಲಿ ಬೊಬ್ಬೆ, ಅಕ್ಷರ ಸೊಟ್ಟ. ಅತ್ತಿಗೆ ಟೀ ಕೊಟ್ಟಳು, ಮುಖ ನೋಡಲಿಲ್ಲ. ಮನೆಯೆಲ್ಲ ಧೂಳು. ಕುರ್ಚಿ ಒಳಗೆ ಹೋಗಲು ಇನ್ನೂ ಒಂದು ಗೇಣು ಬೇಕು. ಅಣ್ಣ ಹಜಾರದಲ್ಲಿ ಕಾಯುತ್ತಿದ್ದಾನೆ. ಮಲಗಬೇಕು ಅವನು, ಬೆನ್ನು ತಡೆಯುತ್ತಿಲ್ಲ... ಕರೆಯುತ್ತಿದ್ದಾನೆ.
"ಬರ್ದಿದ್ದು ಸಾಕು, ಬಾರೇ —"