ಚಿಕ್ಕಪ್ಪ ಹಾಕಿದ ಬಾಗಿಲು

ಪ್ರೀತಿಯ ಚಿಕ್ಕಪ್ಪ,

‘ಅಪ್ಪ’ ಎಂಬ ನಾಮಪದಕ್ಕೆ ‘ಚಿಕ್ಕ’ ಎಂಬ ವಿಶೇಷಣ ಅಂಟಿಸಿದರೆ ನೀವಾಗುತ್ತೀರಿ. ಇಷ್ಟು ವರ್ಷ ನಿಮ್ಮ ಜೊತೆಗೇ ಓಡಾಡಿಕೊಂಡಿದ್ದ ಈ ವಿಶೇಷಣ, ಇಂಗ್ಲಿಷಿಗೆ ಹೋದ ಕೂಡಲೇ ಅಡ್ಜೆಕ್ಟಿವ್ ಎಂದು ಹೆಸರು ಬದಲಿಸಿಕೊಂಡು ನಿಮ್ಮ ಗುರುತೇ ಇಲ್ಲದಂತೆ ನಟಿಸುತ್ತದೆ. ಅದರ ಪಕ್ಕದಲ್ಲಿ, ಬಾಲಕ್ಕೆ ‘ಲಿ’ ಕಟ್ಟಿಕೊಂಡ ಆಡ್ವರ್ಬ್. ಇಬ್ಬರೂ ಸೇರಿ ನಿಮ್ಮನ್ನು ಬಡ್ತಿ ಪರೀಕ್ಷೆಯಲ್ಲಿ ಎರಡು ಸಲ ಕೆಡವಿದ್ದಾರೆ. ಬರುವ ಗುರುವಾರ ಮೂರನೆಯದು, ಕೊನೆಯದು. ಪಾಸಾದರೆ ವಾರ್ಡಿನ ಮೇಲ್ವಿಚಾರಕರು. ಇಲ್ಲದಿದ್ದರೆ ನಿವೃತ್ತಿಯವರೆಗೂ ಸ್ಟ್ರೆಚರ್ ತಳ್ಳುವುದು, ಅದೂ ಆ ನೋಯುವ ಸೊಂಟ ಇಟ್ಟುಕೊಂಡು.

ಇಷ್ಟೆಲ್ಲ ಗೊತ್ತಿದ್ದೂ ನಾನು ನಿಮ್ಮನ್ನು ನನ್ನ ಸಂಜೆಯ ಇಂಗ್ಲಿಷ್ ತರಗತಿಯಿಂದ ಎಬ್ಬಿಸಿ ಕಳಿಸಿದೆ. ಬಾಯಿಬಿಟ್ಟು ‘ಹೋಗಿ’ ಅನ್ನಲಿಲ್ಲ, ಅಷ್ಟೇ.

ಆ ಸಂಜೆಯ ಆಟ ನೆನಪಿದೆಯಲ್ಲ. ಚೀಟಿ ಎತ್ತಬೇಕು, ಅದರಲ್ಲಿರುವ ಆಡ್ವರ್ಬಿಗೆ ತಕ್ಕಂತೆ ನಡೆದು ಹೋಗಿ ಬಾಗಿಲು ಹಾಕಬೇಕು, ಉಳಿದವರು ಪದ ಯಾವುದೆಂದು ಹೇಳಬೇಕು. ದರ್ಜಿಯಮ್ಮ ‘ಲೇಜಿಲಿ’ ನಡೆಯುತ್ತಾ ಅರ್ಧ ದಾರಿಯಲ್ಲೇ ಕುಳಿತುಬಿಟ್ಟರು. ನಿಮಗೆ ಬಂದದ್ದು ‘ಆಂಗ್ರಿಲಿ’. ಹುಬ್ಬು ಗಂಟಿಕ್ಕಿ, ದಾಪುಗಾಲು ಹಾಕಿ ಹೊರಟಿರಿ. ಬಾಗಿಲು ಮುಟ್ಟಿದ್ದೇ ತಡ, ಮಲಗಿದ ಕೂಸಿಗೆ ಹೊದಿಸುವವರ ಹಾಗೆ ಮುಚ್ಚಿದಿರಿ. “ಸಾಫ್ಟ್‌ಲಿ” ಎಂದಿತು ಇಡೀ ತರಗತಿ. ನಾನು ಸುಮ್ಮನಿರಬೇಕಿತ್ತು. “ಚಿಕ್ಕಪ್ಪ, ನಿಮಗೆ ಇಂಗ್ಲಿಷ್ ಬರಲ್ಲ ಸರಿ, ಕೋಪಾನೂ ಬರಲ್ವಾ? ಇಪ್ಪತ್ತೆರಡು ವರ್ಷ ಆಸ್ಪತ್ರೇಲಿ ಏನು ಕಲಿತ್ರಿ?” ಎಂದುಬಿಟ್ಟೆ. ಎಲ್ಲರೂ ನಕ್ಕರು, ನೀವೂ ನಕ್ಕಿರಿ. “ಬಾಗಿಲು ಹಾಕೋದು ಕಲಿತೆ, ಮೇಡಂ” ಎಂದಿರಿ.

ನಾನು ನಗುತ್ತಲೇ ಬೋರ್ಡಿನ ಕಡೆ ತಿರುಗಿದೆ. ಮತ್ತೆ ಇತ್ತ ನೋಡಿದಾಗ ನಿಮ್ಮ ಕುರ್ಚಿಯೂ ಖಾಲಿ, ಚೀಲವೂ ಇಲ್ಲ. ಬಾಗಿಲು ಮುಚ್ಚಿತ್ತು, ಸದ್ದು ಯಾರಿಗೂ ಕೇಳಿರಲಿಲ್ಲ. ಎಂಟು ದಿನವಾಯಿತು.

ಮೊನ್ನೆ ಕ್ಷಮೆ ಕೇಳೋಣವೆಂದು ಆಸ್ಪತ್ರೆಗೆ ಬಂದಿದ್ದೆ. ನೀವು ನೋಡಲಿಲ್ಲ. ಆಪರೇಷನ್ ಆಗಿ ಇನ್ನೂ ಮಂಪರಿನಲ್ಲಿದ್ದ ಅಜ್ಜಿಯೊಬ್ಬರನ್ನು ವಾರ್ಡಿಗೆ ತರುತ್ತಿದ್ದಿರಿ. ಹೊಸ್ತಿಲ ಹತ್ತಿರ ನಿಂತು, “ಅಮ್ಮಾ, ಈಗೊಂದು ಸಣ್ಣ ಕುಲುಕು ಬರುತ್ತೆ, ಆಮೇಲೆ ಇಲ್ಲ” ಎಂದು ಮುಂದಿನ ಚಕ್ರ ಎತ್ತಿ ಇಳಿಸಿದಿರಿ. ಆ ಕುಲುಕು ಬರಲೇ ಇಲ್ಲ. ಬಾಗಿಲು ಬಡಿಯದಂತೆ ಹಿಮ್ಮಡಿಯಲ್ಲಿ ತಡೆದು, ಅದು ತಾನಾಗಿ ಸೇರಿಕೊಳ್ಳುವ ತನಕ ಕಾದಿರಿ. ಅಜ್ಜಿಗೆ ಎಚ್ಚರವಾಗಲಿಲ್ಲ. ತಂದಿದ್ದ ಕ್ಷಮೆಯನ್ನು ಹಾಗೇ ವಾಪಸ್ ಒಯ್ದೆ. ಆ ಕಾರಿಡಾರಿನಲ್ಲಿ ನನ್ನ ದನಿಯೇ ಗಲಾಟೆಯಾಗುತ್ತಿತ್ತು.

ಚಿಕ್ಕಪ್ಪ, ಸ್ಟ್ರೆಚರ್ ಹೇಗಿದೆ ಎಂದು ಹೇಳಿದರೆ ಅಡ್ಜೆಕ್ಟಿವ್. ಅದನ್ನು ಹೇಗೆ ತಳ್ಳಿದಿರಿ ಎಂದು ಹೇಳಿದರೆ ಆಡ್ವರ್ಬ್. ಸ್ಟ್ರೆಚರ್ ‘ಸ್ಲೋ’, ತಳ್ಳುವುದು ‘ಸ್ಲೋಲಿ’. ‘ಫಾಸ್ಟ್’ ಎರಡೂ ಕಡೆ ಬಾಲವಿಲ್ಲದೆ ಓಡುತ್ತದೆ. ಅವಸರದಲ್ಲಿ ಎಲ್ಲೋ ಬಿಟ್ಟು ಬಂದಿರಬೇಕು. ‘ಹಾರ್ಡ್’ಗಂತೂ ಬಾಲ ಹಚ್ಚಲೇಬೇಡಿ. ಕಳೆದ ಸಲ “ಐ ವರ್ಕ್ ಹಾರ್ಡ್ಲಿ” ಎಂದು ಬರೆದು, ಕೆಲಸವನ್ನೇ ಮಾಡುವುದಿಲ್ಲವೆಂದು ನೀವಾಗಿಯೇ ಒಪ್ಪಿಕೊಂಡು ಬಂದಿರಿ. ಇಷ್ಟಕ್ಕೆ ಮೂರು ಸಂಜೆ ಸಾಕು, ಬಂದರೆ. ಹೇಗೆ ಮಾಡಬೇಕೆಂಬುದು ನಿಮಗೆ ಗೊತ್ತು. ಅದನ್ನು ಬರೆಯುವುದನ್ನಷ್ಟೇ ನಾನು ಹೇಳಿಕೊಡಬೇಕಿತ್ತು. ಅದರ ಬದಲು ಚಿಕ್ಕಪ್ಪನ ಮುಂದೆ ಸಣ್ಣತನ ತೋರಿಸಿದೆ. ತಪ್ಪಾಯಿತು.

ಸೋಮವಾರ ಆರು ಗಂಟೆಗೆ ಬನ್ನಿ. ನಿಮ್ಮ ಚೀಟಿ ನನ್ನ ಮೇಜಿನ ಮೇಲೇ ಇದೆ. ಈ ಸಲ ಅದರಲ್ಲಿದ್ದಂತೆಯೇ ಬಾಗಿಲು ಬಡಿಯಿರಿ, ಕೋಪಕ್ಕೆ ಕಾರಣ ನಾನೇ ಒದಗಿಸಿದ್ದೇನೆ. ತರಗತಿಯೆಲ್ಲ ಬೆಚ್ಚಿಬೀಳಲಿ. ಆದರೆ ಒಳಗೆ ಬಂದ ಮೇಲೆ ಬಡಿಯಿರಿ.

ನಿಮ್ಮನ್ನು ಹರಸುವ ವಯಸ್ಸು ನನ್ನದಲ್ಲ. ಗುರುವಾರ ನಿಮ್ಮ ಪೆನ್ನು ನಿಮ್ಮ ಸ್ಟ್ರೆಚರಿನ ಹಾಗೆ ಕುಲುಕದೆ ಸಾಗಲಿ.

ತರಗತಿಯಲ್ಲಿ ಮೇಡಂ, ಮನೆಯಲ್ಲಿ ನಿಮ್ಮ
ಪುಟ್ಟಿ