ಬಾಳವ್ವನ ಕಿಡ್ನಿಗೆ ದತ್ತುಮನೆ ಬೇಕಾಗಿದೆ

ಗಂಗಿ ಶಕೆ ಇನ್ನೂರ ಹದಿನಾಲ್ಕು, ಫಾಲ್ಗುಣ ಬಹುಳ ಮೂವತ್ತಮೂರು
ಗದಗ ಮೇಲುಪೇಟೆ

ಮೂಲಮ್ಮನವರಾದ ಡಾಕ್ಟರ್ ವಿಜಯಮಾಲಾ ಸೊರಟೂರ ಅವರಿಗೆ ಗುರಸಿದ್ದವ್ವ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ, ನಮ್ಮೊಳಗಿನ ಹಂದಿಗಳೂ ಕ್ಷೇಮ.

ಮೇಲಿನ ತಿಥಿ ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ತಿಂಗಳಿಗೆ ಇನ್ನಷ್ಟು ರಜೆ ಬೇಕೆಂದು ನೌಕರರು ಮುಷ್ಕರ ಹೂಡಿದಾಗ ಸರ್ಕಾರ ಬಹುಳವನ್ನು ಉದ್ದ ಮಾಡಿತು. ಚಂದ್ರ ಇನ್ನೂ ಒಪ್ಪಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಈ ಕಾಗದವನ್ನು ಹಿನ್ನಂಚೆಯಲ್ಲಿ ಹಾಕುತ್ತಿದ್ದೇನೆ. ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಯಾರ ಕೈಕೆಲಸ ನಮ್ಮ ಕಾಲದಲ್ಲೂ ಜೀವಂತವಾಗಿದೆಯೋ ಅವರಿಗಷ್ಟೇ ಅದು ಮುಟ್ಟುತ್ತದೆ. ರಾಜರಿಗೆ, ಮಂತ್ರಿಗಳಿಗೆ ಹಾಕಿದ ಕಾಗದಗಳೆಲ್ಲ ವಿಳಾಸದಾರರಿಲ್ಲವೆಂದು ವಾಪಸು ಬಂದಿವೆ.

ನೀವು ಗಂಗಿ ಎಂಬ ಹಂದಿಯ ಭ್ರೂಣಗಳಿಂದ ಕಾಂಡಕೋಶ ತೆಗೆಯಲು ಹೆಣಗುತ್ತಿರುವ ದಿನಗಳಿಗೇ ಇದು ತಲುಪಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಭ್ರೂಣದಿಂದ ಒಳಗಿನ ಕೋಶಗಳ ಗೊಂಚಲನ್ನು ಬಿಡಿಸಿ, ತಟ್ಟೆಯಲ್ಲಿ ಇಲಿಕೋಶಗಳ ಹಾಸಿಗೆ ಹಾಸಿ, ಅದರ ಮೇಲೆ ಮಲಗಿಸುತ್ತಿದ್ದಿರಂತೆ. ಕೆಲವು ದಿನ ಸುಮ್ಮನಿದ್ದು ಆಮೇಲೆ ಒಂದು ಚರ್ಮವಾಗುತ್ತೇನೆ ಎನ್ನುವುದು, ಇನ್ನೊಂದು ನರವಾಗುತ್ತೇನೆ ಎನ್ನುವುದು. ಏನೂ ಆಗದೆ, ಎಲ್ಲವೂ ಆಗಬಲ್ಲ ಹಾಗೆ ಅವುಗಳನ್ನು ಉಳಿಸಿಕೊಳ್ಳುವುದೇ ನಿಮ್ಮ ಪಾಡು. ನಮ್ಮ ಮನೆಯಲ್ಲಿ ಅಂಥ ಅಳಿಯನೊಬ್ಬನಿದ್ದಾನೆ. ಅವನನ್ನು ಹಾಗೆ ಉಳಿಸಲು ಯಾರೂ ಕಷ್ಟಪಟ್ಟಿಲ್ಲ.

ಕೊನೆಗೆ ನಿಮ್ಮ ಒಂದು ತಟ್ಟೆ ಕೈಹಿಡಿಯಿತು. ಅದೇ ಕೋಶಗಳ ಸಂತತಿ ಇಂದಿಗೂ ಸಾಯದೆ ಬೆಳೆಯುತ್ತಿದೆ. ಊರ ಹೊರಗಿನ ಅಂಗದೋಟದಲ್ಲಿ ಅದರಿಂದಲೇ ಮೂತ್ರಪಿಂಡ, ಯಕೃತ್ತು, ಹೃದಯಗಳನ್ನು ಬದನೆಕಾಯಿಯ ಹಾಗೆ ಬೆಳೆಸಿ ಬುಟ್ಟಿಗಿಡುತ್ತಾರೆ. ಗಂಗಿಯ ಅಂಗ ಪಡೆದವರನ್ನು ನಾವು ಒಡಹಂದಿಗಳು ಎನ್ನುತ್ತೇವೆ, ಒಡಹುಟ್ಟಿದವರಿದ್ದಂತೆ. ಒಡಹಂದಿಗೆ ಜ್ವರ ಬಂದರೆ ಗಂಜಿ ಒಯ್ಯಬೇಕು, ಅವರ ಮನೆಯ ಸಾವಿಗೆ ಸೂತಕ ಹಿಡಿಯಬೇಕು. ಹಂದಿಯ ಸಂಗಡ ಸೇರಿ ಕರು ಕೆಟ್ಟಿತೆಂಬ ನಿಮ್ಮ ಕಾಲದ ಗಾದೆಯನ್ನು ಇಲ್ಲಿ ನಾಲ್ಕು ಜನರ ಮುಂದೆ ಆಡುವಂತಿಲ್ಲ. ನನ್ನ ಹೃದಯವೂ ಗಂಗಿಯದೇ. ಮಳೆಯ ಮೊದಲ ಕೆಸರು ಕಂಡರೆ ಸ್ವಲ್ಪ ಜೋರಾಗಿ ಬಡಿಯುತ್ತದೆ ಎನ್ನುವುದು ಬಿಟ್ಟರೆ ಬೇರೆ ತಕರಾರಿಲ್ಲ.

ಈಗ ತೊಂದರೆಗೆ ಬರುತ್ತೇನೆ. ನನ್ನ ಮರಿಮಗಳು ಬಾಳವ್ವ. ಚಿಕ್ಕಂದಿನಲ್ಲೇ ಎರಡೂ ಕಿಡ್ನಿ ಕೆಟ್ಟು ಗಂಗಿಯ ಕಿಡ್ನಿ ಹಾಕಿಸಿಕೊಂಡವಳು. ಅವಳು ಮೆಚ್ಚಿದ ಹುಡುಗ ಯಮನೂರಪ್ಪನ ಹೊಟ್ಟೆಯಲ್ಲಿ ಗಂಗಿಯ ಯಕೃತ್ತಿದೆ. ಹಿಂದೆಲ್ಲ ಮದುವೆ ಮಕ್ಕಳು ಆದಮೇಲೆ ಮುಪ್ಪಿನಲ್ಲಿ ಅಂಗ ಹಾಕಿಸಿಕೊಳ್ಳುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಹರೆಯದ ಒಡಹಂದಿಗಳು ಒಬ್ಬರನ್ನೊಬ್ಬರು ಬಯಸಿದ್ದು ಇದೇ ಮೊದಲು. ದೈವದವರು, ಅಂದರೆ ಊರ ಹಿರಿಯರು, ಸಭೆ ಕೂಡಿದರು. ಮುಖ್ಯಸ್ಥ ಕಲ್ಲಪ್ಪಜ್ಜನಿಗೆ ಹೃದಯ, ಕಿಡ್ನಿ, ಯಕೃತ್ತು ಎಲ್ಲವೂ ಗಂಗಿಯವೇ. ಅವನಲ್ಲಿ ಅವನಿಗಿಂತ ಅವಳೇ ಹೆಚ್ಚು. "ಇಬ್ರೂ ಒಂದ ತಟ್ಟಿ ಮಕ್ಕಳು. ಅಣ್ಣ ತಂಗಿಗೆ ಅಕ್ಕಿಕಾಳ ಹಾಕೂದು ಹ್ಯಾಂಗ?" ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇಂಥ ಪೇಚಿಗೆ ನಿಮ್ಮ ಕಾಲದಲ್ಲೂ ಒಂದು ದಾರಿಯಿತ್ತಲ್ಲ, ಒಂದೇ ಗೋತ್ರವಾದರೆ ಹುಡುಗಿಯನ್ನು ಬೇರೆ ಗೋತ್ರದವರಿಗೆ ದತ್ತು ಕೊಟ್ಟು ಮದುವೆ ಮಾಡುವುದು. ನಾನು ಅದನ್ನೇ ಎತ್ತಿದೆ. ಬಾಳವ್ವನ ಕಿಡ್ನಿಯನ್ನು ಬೇರೊಂದು ಹಂದಿಸಂತತಿಗೆ ದತ್ತು ಕೊಡೋಣ ಎಂದೆ. ಸಭೆ ತಲೆದೂಗಿತು. ಕಲ್ಲಪ್ಪಜ್ಜ ಗಡ್ಡ ನೀವಿಕೊಂಡು, "ಕೊಡೂನು ಬಿಡು. ತಗೊಳ್ಳಾವ್ರು ಯಾರದಾರ?" ಎಂದ. ಯಾರೂ ಇಲ್ಲ. ಜಗತ್ತಿನಲ್ಲಿ ಉಳಿದಿರುವುದು ಗಂಗಿಯ ಒಂದೇ ತಟ್ಟೆಯ ಸಂತತಿ.

ಅಂದು ಮನೆಗೆ ಬಂದ ಬಾಳವ್ವ, "ಈ ಕಿಡ್ನೀನ ತಗಿಸಿಬಿಡ್ತೇನಿ ಯಮ್ಮಾ. ಮಷಿನ್‌ಗೆ ಕಟಗೊಂಡ ಬಾಳೇ ಮಾಡ್ತೇನಿ. ಆವಾಗ ನಾ ಯಾರ ತಂಗೀನೂ ಅಲ್ಲ," ಎಂದಳು. ಈ ಹುಡುಗಿ ಆಡಿದ್ದನ್ನು ಮಾಡುವವಳು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಟಿದ್ದಾಳೆ. ನನಗೆ ಹೆದರಿಕೆಯಾಗಿದೆ ಅಮ್ಮಾ. ಈ ವಯಸ್ಸಿನಲ್ಲಿ ನಾನು ಹಂದಿಯ ಹೃದಯ ಇಟ್ಟುಕೊಂಡು ಗಟ್ಟಿಯಾಗಿರುವಾಗ, ಅವಳು ಒಂದು ಶಾಸ್ತ್ರಕ್ಕಾಗಿ ಸೊರಗುವುದನ್ನು ನೋಡಲಾರೆ.

ನಮ್ಮ ಹೆಂಗಸರು ತೊಟ್ಟಿಲ ಕಾರ್ಯದಲ್ಲಿ ನಿಮ್ಮ ಹಾಡು ಹೇಳುತ್ತಾರೆ. ಅದರಲ್ಲೊಂದು ಸಾಲಿದೆ: "ಎರಡು ತಟ್ಟಿ ಇಟ್ಟಾಳ ತಾಯಿ, ಒಂದನ ಚೆಲ್ಯಾಳ." ಗಂಗಿಯದಲ್ಲದೆ ತುಂಗಿ ಎಂಬ ಇನ್ನೊಂದು ಹಂದಿಯ ತಟ್ಟೆಯೂ ನಿಮ್ಮಲ್ಲಿತ್ತಂತೆ. ಅಂಚಿನ ಕೋಶಗಳೆಲ್ಲ ಚಪ್ಪಟೆಯಾಗಿ ದಾರಿ ತಪ್ಪಿದವೆಂದು, ಇದು ಕೆಟ್ಟಿತೆಂದು ನೀವು ಚೆಲ್ಲಿದಿರಂತೆ. ನನ್ನ ಬೇಡಿಕೆ ಇಷ್ಟೇ. ಚೆಲ್ಲುವ ಮೊದಲು ಇನ್ನೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿ. ನಡುವೆ ಸಣ್ಣ ಗುಬ್ಬಿಗಳ ಹಾಗೆ ಒತ್ತೊತ್ತಾಗಿ ಕೂತ ಕೋಶಗಳು ಇನ್ನೂ ಹಾಗೇ ಇದ್ದರೆ, ಅಷ್ಟನ್ನೇ ಕಿತ್ತು ಹೊಸ ಹಾಸಿಗೆಗೆ ಹಾಕಿ. ಅದರಿಂದ ಹೃದಯ ಬೆಳೆಯದಿದ್ದರೂ ಚಿಂತೆಯಿಲ್ಲ. ಬಾಟಲಿಯೊಳಗೆ ಬದುಕಿಕೊಂಡು, ಕರೆದ ದಿನ ಒಂದು ಕಿಡ್ನಿಯನ್ನು ಮಡಿಲಿಗೆ ಹಾಕಿಸಿಕೊಂಡರೆ ಸಾಕು.

ಇಷ್ಟು ಬರೆದು ಕಾಗದ ಮಡಚುತ್ತಿದ್ದೆ. ಅಡುಗೆಮನೆಯಲ್ಲಿ ಬಾಳವ್ವ ರೊಟ್ಟಿ ಬಡಿಯುತ್ತ ಅದೇ ಹಾಡು ಗುನುಗುತ್ತಿದ್ದಳು: "ಎರಡು ತಟ್ಟಿ ಇಟ್ಟಾಳ ತಾಯಿ, ಎರಡೂ ಸಾಕ್ಯಾಳ." ಎದ್ದು ಹೋಗಿ, ಈ ಸಾಲು ಎಲ್ಲಿಂದ ಬಂತೆಂದು ಕೇಳಿದೆ. "ಮದ್ಲಿಂದ ಹಿಂಗ ಐತಲ್ಲಬೇ. ನೀನ ಕಲಿಸಿದಾಕಿ," ಎಂದು ನಕ್ಕಳು. ಆಸ್ಪತ್ರೆಯ ಮಾತೆತ್ತಿದರೆ, ಯಾವ ಆಸ್ಪತ್ರೆ ಎಂದಳು. ಅಷ್ಟರಲ್ಲಿ ಕಲ್ಲಪ್ಪಜ್ಜನೂ ಬಾಗಿಲಲ್ಲಿ ನಿಂತು, ನಾಳಿನ ದತ್ತುಕಾರ್ಯಕ್ಕೆ ತುಂಗಿಯ ಕಡೆಯವರಿಗೆ ಹೋಳಿಗೆಯೋ ಹುಗ್ಗಿಯೋ ಎಂದು ವಿಚಾರಿಸಿ ಹೋದ. ಹಳೆಯ ಸಾಲು ಈಗ ಈ ಕಾಗದದಲ್ಲಿ, ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಹಾಗಾದರೆ ನೀವು ಓದಿದ್ದೀರಿ, ನೋಡಿದ್ದೀರಿ. ಕೆಲಸ ಆಯಿತಲ್ಲ, ಅಂಚೆಯ ಖರ್ಚು ಯಾಕೆ ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಹೊಳೆಯಿತು. ನಾನು ಹಾಕದಿದ್ದರೆ ನೀವು ಓದುವುದೆಲ್ಲಿ, ತುಂಗಿ ಉಳಿಯುವುದೆಲ್ಲಿ? ರೊಟ್ಟಿಯ ಸದ್ದು ನಿಲ್ಲುವ ಮೊದಲು ಇದನ್ನು ಡಬ್ಬಿಗೆ ಹಾಕಿ ಬರುತ್ತೇನೆ. ನನ್ನೊಳಗಿನ ಗಂಗಿ ಕೆಸರು ಕಂಡಂತೆ ಬಡಿದುಕೊಳ್ಳುತ್ತಿದ್ದಾಳೆ. ಕೈಯಲ್ಲಿರುವ ತಟ್ಟೆಯನ್ನು ಕೆಳಗಿಡಿ ಅಮ್ಮಾ, ಇನ್ನೊಮ್ಮೆ ನೋಡಿ.

ನಿಮ್ಮ ಕೈಕೆಲಸವನ್ನು ಎದೆಯಲ್ಲಿಟ್ಟುಕೊಂಡಿರುವ,
ಗುರಸಿದ್ದವ್ವ